ಘಟಪ್ರಭೆಯ ಧುಮುಕು, ಗೋಕಾಕದ ನೂಲು

ಹರಿಯುವ ನೀರಿನ ಬಲದಿಂದ ನೂಲು ತೆಗೆಯುವ ಗಿರಣಿಗಳು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ನೆಲೆಯೂರಿದವು. 1771ರಲ್ಲಿ ರಿಚರ್ಡ್ ಆರ್ಕ್‌ರೈಟ್ ಕ್ರಾಮ್‌ಫರ್ಡ್‌ನಲ್ಲಿ ಹತ್ತಿಯ ಗಿರಣಿಯ ಕಟ್ಟಡ ಆರಂಭಿಸಿದರೆ, 1787ರಲ್ಲಿ ಡಾರ್ಲಿಂಗ್ಟನ್‌ನಲ್ಲಿ ಅಗಸೆ ಗಿಡದ ಕಾಂಡದಿಂದ ಬರುವ ನಾರನ್ನು, ಅಂದರೆ ಲಿನನ್ ಬಟ್ಟೆಯ ಮೂಲದ್ರವ್ಯವನ್ನು, ನೂಲುವ ಯಂತ್ರಕ್ಕೆ ಪೇಟೆಂಟ್ ದೊರೆಯಿತು. ಕರ್ನಾಟಕದಲ್ಲಿ ಅಗಸೆಯನ್ನು ಬೆಳೆಯುವುದು ಮುಖ್ಯವಾಗಿ ಬೀಜಕ್ಕಾಗಿಯೇ ಹೊರತು ನಾರಿಗಲ್ಲವಾದ್ದರಿಂದ, ಇಲ್ಲಿ ನೀರಿನ ಬಲ ಒದಗಿದ್ದು ಹತ್ತಿಗೆ. ಬೆಳಗಾವಿ ಜಿಲ್ಲೆಯ ಗೋಕಾಕ ಜಲಪಾತದ ಬಳಿ 1885ರಲ್ಲಿ ಸ್ಥಾಪನೆಯಾದ ಗೋಕಾಕ್ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯ ಗಿರಣಿ 1887ರಲ್ಲಿ ಕೆಲಸ ಆರಂಭಿಸಿತು.

ಕಲ್ಲಿದ್ದಲ ಗಣಿಗಳಿಂದ ಬಹುದೂರವಿದ್ದ ಆ ಸೀಮೆಯಲ್ಲಿ ಎರೆಭೂಮಿಯ ಹತ್ತಿಯೂ ಘಟಪ್ರಭೆಯ ಸುಮಾರು 52 ಮೀಟರ್ ಎತ್ತರದ ಧುಮುಕೂ ಒಂದೆಡೆ ಕೂಡಿದ್ದವು. ನೀರಿನಿಂದ ದೊರೆಯುವ ಸಾಮರ್ಥ್ಯವನ್ನು ನಿರ್ಧರಿಸುವುದು ಅದು ಬೀಳುವ ಎತ್ತರ ಮತ್ತು ಹರಿವಿನ ಪ್ರಮಾಣ: ಸೆಕೆಂಡಿಗೆ 1,000 ಲೀಟರ್ ನೀರು ಅಷ್ಟು ಎತ್ತರದಿಂದ ಬಿದ್ದರೆ, ಘರ್ಷಣೆಯ ನಷ್ಟವನ್ನು ಲೆಕ್ಕಿಸದಿದ್ದಲ್ಲಿ, ಸುಮಾರು 510 ಕಿಲೋವಾಟ್ ಸಾಮರ್ಥ್ಯ ಲಭಿಸುತ್ತದೆ. ಕೊಳವೆಯಲ್ಲಿ ಇಳಿದ ನೀರು ಟರ್ಬೈನಿನ, ಅಂದರೆ ಅಲಗುಗಳುಳ್ಳ ಚಕ್ರದ, ಮೇಲೆ ಒತ್ತಿದಾಗ ಆ ಸಾಮರ್ಥ್ಯದ ಬಹುಭಾಗ ತಿರುಗುವ ಚಲನೆಯಾಗುತ್ತದೆ.

ನೂಲುವ ಯಂತ್ರದಲ್ಲಿ ಜೋಡಿ ಉರುಳೆಗಳು ಒಂದರ ಹಿಂದೊಂದು ಇರುತ್ತವೆ. ಮುಂದಿನ ಜೋಡಿ ಹಿಂದಿನದಕ್ಕಿಂತ ವೇಗವಾಗಿ ತಿರುಗುವುದರಿಂದ ಹತ್ತಿಯ ಎಳೆಗಳು ಹಿಗ್ಗಿ ತೆಳುವಾಗುತ್ತವೆ, ಕದಿರು ಅವಕ್ಕೆ ಹುರಿ ಕೊಟ್ಟು ಸುತ್ತಿಕೊಳ್ಳುತ್ತದೆ. ಈ ವೇಗಗಳು ಏರುಪೇರಾದರೆ ನೂಲು ಹರಿಯುವುದರಿಂದ, ಟರ್ಬೈನಿಗೆ ಹೋಗುವ ನೀರನ್ನು ಹದವಾಗಿ ನಿಯಂತ್ರಿಸುವುದು ಅತ್ಯಗತ್ಯ. ಆದರೆ ಮುಂಗಾರಿನಲ್ಲಿ ಉಕ್ಕುವ ಘಟಪ್ರಭೆ ಬೇಸಗೆಯಲ್ಲಿ ಸೊರಗುತ್ತದೆ. ಆದ್ದರಿಂದಲೇ ನದಿಯ ಮೇಲುಭಾಗದಲ್ಲಿ, ಧೂಪದಾಳದಲ್ಲಿ, ನೀರನ್ನು ತಡೆದು ನಿಲ್ಲಿಸುವ ಒಡ್ಡಿಗೆ ಇಷ್ಟೊಂದು ಮಹತ್ವವಿದೆ.

ಟರ್ಬೈನಿನ ಚಲನೆಯನ್ನು ಹಗ್ಗ, ರಾಟೆ, ದಂಡಗಳ ಮೂಲಕ ಸಾಗಿಸುವ ಕಾಲದಲ್ಲಿ ಗಿರಣಿ ಧುಮುಕಿನ ಮಗ್ಗುಲಲ್ಲೇ ಇರಬೇಕಾಗಿತ್ತು. ಕಾವೇರಿಯಿಂದ 1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನೂ 1905ರಲ್ಲಿ ಬೆಂಗಳೂರನ್ನೂ ತಲುಪಿದಾಗ ಆ ನಿರ್ಬಂಧ ಕಳಚಿತು. ತಂತಿಯು ಯಂತ್ರವನ್ನು ನದೀತೀರದಿಂದ ಬಿಡಿಸಿತೇ ಹೊರತು ಮಳೆಯಿಂದ ಬಿಡಿಸಲಿಲ್ಲ. ಜಲವಿದ್ಯುತ್ತಿನಿಂದ ತಿರುಗುವ ಪ್ರತಿ ಕದಿರೂ ಇಂದಿಗೂ ಜಲಾನಯನ ಪ್ರದೇಶದ ಕಾಡು ಮತ್ತು ಮುಂಗಾರನ್ನೇ ಆಶ್ರಯಿಸಿದೆ, ಅವುಗಳ ರಕ್ಷಣೆ ಕೈಗಾರಿಕೆಯದೂ ಹೊಣೆಯಾಗಿದೆ.