ಬಿಸಿ ಮಾಡುವ ಒಲೆ, ಕಾಪಾಡುವ ಪೊಟ್ಟಣ

ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ, ಸೇಂಟ್ ಫಿಲೋಮಿನಾ ಚರ್ಚಿನ ಆಸುಪಾಸಿನ ಬೀದಿಗಳಲ್ಲಿ ನಡೆದು ಹೋದರೆ ಅಂಗಡಿಗಳ ಕಪಾಟಿನಲ್ಲಿ ಸಿದ್ಧ ಆಹಾರದ ಪೊಟ್ಟಣಗಳನ್ನು ಕಾಣಬಹುದು. ಬಿಸಿಬೇಳೆ ಭಾತು, ಪೊಂಗಲ್, ಪಾಲಕ್ ಪನೀರ್ ಮುಂತಾದವು ಫ್ರಿಜ್ಜಿನ ಹಂಗಿಲ್ಲದೆ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತವೆ. ಮನೆಗೆ ತಂದು ಮೈಕ್ರೋವೇವ್ ಒಲೆಯಲ್ಲಿ ಒಂದೆರಡು ನಿಮಿಷ ಇಟ್ಟರೆ ಊಟ ಸಿದ್ಧ. ಆದರೆ ಇಂಥ ಪೊಟ್ಟಣಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ಒಂದು ಸೂಚನೆ ಇರುತ್ತದೆ: ಪದಾರ್ಥವನ್ನು ಬಟ್ಟಲಿಗೆ ಸುರಿದುಕೊಂಡು ಬಿಸಿ ಮಾಡಿ. ಪೊಟ್ಟಣವನ್ನೇ ಒಲೆಯಲ್ಲಿ ಏಕೆ ಇಡಬಾರದು?

ಈ ಪುಟ್ಟ ಪ್ರಶ್ನೆಯ ಹಿಂದೆ ಎರಡು ದೊಡ್ಡ ಆವಿಷ್ಕಾರಗಳಿವೆ. ಎರಡಕ್ಕೂ ಸೈನ್ಯದ ನಂಟಿದೆ. 'ಲಷ್ಕರ್' ಎಂಬ ಮಾತಿಗೂ ಸೈನ್ಯವೆಂದೇ ಅರ್ಥ. ಒಂದು ಆವಿಷ್ಕಾರ ಯುದ್ಧಕಾಲದ ರೇಡಾರಿನಿಂದ ಬಂದದ್ದು. ಇನ್ನೊಂದು ಯೋಧನ ಊಟದ ಚೀಲದಿಂದ.

ರೇಡಾರಿನಿಂದ ಅಡುಗೆಮನೆಗೆ

1940ರಲ್ಲಿ ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ಜಾನ್ ರ‍್ಯಾಂಡಲ್ ಮತ್ತು ಹ್ಯಾರಿ ಬೂಟ್ ಎಂಬ ವಿಜ್ಞಾನಿಗಳು ಪ್ರಬಲವಾದ ಸೂಕ್ಷ್ಮತರಂಗಗಳನ್ನು ಹೊಮ್ಮಿಸುವ ಮ್ಯಾಗ್ನೆಟ್ರಾನ್ ಸಾಧನವನ್ನು ರೂಪಿಸಿದರು. ಶತ್ರುವಿಮಾನಗಳನ್ನು ಪತ್ತೆ ಹಚ್ಚುವ ರೇಡಾರಿಗೆ ಅದು ಜೀವಾಳವಾಯಿತು. ಅಮೆರಿಕದ ರೇಥಿಯಾನ್ ಕಂಪನಿಯಲ್ಲಿ ಇವುಗಳ ತಯಾರಿಕೆಯ ಹೊಣೆ ಹೊತ್ತಿದ್ದವರು ಪರ್ಸಿ ಸ್ಪೆನ್ಸರ್. ಅವರು ಶಾಲಾ ಶಿಕ್ಷಣವನ್ನೂ ಪೂರ್ಣಗೊಳಿಸದೆ ಸ್ವಂತ ಪರಿಶ್ರಮದಿಂದ ಎಂಜಿನಿಯರಾದವರು. 1945ರ ಸುಮಾರಿನಲ್ಲಿ ಮ್ಯಾಗ್ನೆಟ್ರಾನಿನ ಬಳಿ ನಿಂತಿದ್ದಾಗ ಅವರ ಜೇಬಿನಲ್ಲಿದ್ದ ಮಿಠಾಯಿ ಕರಗಿತೆಂದು ಹೇಳುತ್ತಾರೆ. ಕುತೂಹಲದಿಂದ ಅವರು ಜೋಳದ ಕಾಳುಗಳನ್ನು ಅದರ ಮುಂದೆ ಹಿಡಿದರು, ಕಾಳುಗಳು ಅರಳಾದವು. ಅದೇ ವರ್ಷ ಅವರು ಪೇಟೆಂಟಿಗೆ ಅರ್ಜಿ ಸಲ್ಲಿಸಿದರು.

1947ರ ಮೊದಲ ಒಲೆ ಆಳೆತ್ತರದ್ದು. ತೂಕ 300 ಕಿಲೋಗ್ರಾಂಗೂ ಮೀರಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಇಡಬಹುದಾದ ಒಲೆ ಅಮೆರಿಕದ ಮನೆಗಳಿಗೆ ಬಂದದ್ದು 1967ರಲ್ಲಿ.

ಒಲೆಯೊಳಗೆ ನಡೆಯುವುದೇನು?

ಸೌದೆಯಾಗಲಿ, ಗ್ಯಾಸಾಗಲಿ ಮೊದಲು ಪಾತ್ರೆಯನ್ನು ಕಾಯಿಸುತ್ತವೆ. ಪಾತ್ರೆ ಪದಾರ್ಥವನ್ನು ಕಾಯಿಸುತ್ತದೆ. ಮೈಕ್ರೋವೇವ್ ಒಲೆಯಲ್ಲಿ ಹಾಗಲ್ಲ. ಇಲ್ಲಿನ ತರಂಗಗಳ ವಿದ್ಯುತ್ ಕ್ಷೇತ್ರ ಸೆಕೆಂಡಿಗೆ ಸುಮಾರು 245 ಕೋಟಿ ಆವೃತ್ತಿಗಳ ವೇಗದಲ್ಲಿ ದಿಕ್ಕು ಬದಲಿಸುತ್ತಿರುತ್ತದೆ. ಆಹಾರದಲ್ಲಿರುವ ನೀರಿನ ಅಣುಗಳು ಆ ಕ್ಷೇತ್ರಕ್ಕೆ ತಕ್ಕಂತೆ ಹೊರಳಲು ಹೋಗಿ ಅಕ್ಕಪಕ್ಕದ ಅಣುಗಳಿಗೆ ತಾಗುತ್ತವೆ. ಆ ತಾಕಲಾಟವೇ ಶಾಖ. ತರಂಗಗಳು ಕೆಲವೇ ಸೆಂಟಿಮೀಟರು ಆಳಕ್ಕೆ ಇಳಿಯುತ್ತವೆ. ಅದರಾಚೆಗೆ ಶಾಖವು ನಿಧಾನವಾಗಿ ಹರಡಬೇಕು. ಒಲೆಯ ಗೋಡೆಗಳಿಂದ ತರಂಗಗಳು ಪ್ರತಿಫಲಿಸಿ ಒಂದು ಕಡೆ ಪ್ರಬಲವಾಗಿಯೂ ಇನ್ನೊಂದು ಕಡೆ ದುರ್ಬಲವಾಗಿಯೂ ಸೇರುತ್ತವೆ. ಆದ್ದರಿಂದಲೇ ತಟ್ಟೆ ತಿರುಗುತ್ತಿದ್ದರೂ ಅನ್ನದ ಒಂದು ಮೂಲೆ ಸುಡುತ್ತಿರುತ್ತದೆ, ಮತ್ತೊಂದು ತಣ್ಣಗಿರುತ್ತದೆ.

ಗಾಜು, ಪಿಂಗಾಣಿ, ಕಾಗದಗಳ ಮೂಲಕ ಈ ತರಂಗಗಳು ಹಾದುಹೋಗುತ್ತವೆ. ಲೋಹದ ಮೇಲೆ ಬಿದ್ದರೆ ಕನ್ನಡಿಯ ಮೇಲಿನ ಬೆಳಕಿನಂತೆ ಹಿಂದಿರುಗುತ್ತವೆ. ಒಲೆಯನ್ನು ನಿಲ್ಲಿಸಿದ ಕೂಡಲೇ ತರಂಗಗಳೂ ಇಲ್ಲವಾಗುತ್ತವೆ. ಆಹಾರದಲ್ಲಿ ಅವು ಉಳಿದುಕೊಳ್ಳುತ್ತವೆ ಎಂಬ ಭಯಕ್ಕೆ ಆಧಾರವಿಲ್ಲ.

ಯೋಧನ ಊಟದ ಪೊಟ್ಟಣ

ಇನ್ನು ಪೊಟ್ಟಣದ ಕಥೆ. 1961ರಲ್ಲಿ ಮೈಸೂರಿನಲ್ಲಿ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸ್ಥಾಪನೆಯಾಯಿತು. ಹಿಮದಲ್ಲಿ, ಮರುಭೂಮಿಯಲ್ಲಿ, ಜಲಾಂತರ್ಗಾಮಿಯಲ್ಲಿ ಇರುವ ಯೋಧನಿಗೆ ಕೆಡದ, ಹಗುರವಾದ, ನಮ್ಮ ರುಚಿಯ ಊಟ ಒದಗಿಸುವುದು ಅದರ ಕೆಲಸ. ಬಾಹ್ಯಾಕಾಶಕ್ಕೆ ಹೋದ ಮೊದಲ ಭಾರತೀಯ ರಾಕೇಶ್ ಶರ್ಮಾ 1984ರಲ್ಲಿ ಕೊಂಡೊಯ್ದ ಭಾರತೀಯ ಊಟ ಸಿದ್ಧವಾದದ್ದೂ ಇಲ್ಲಿಯೇ.

ಹಿಂದೆ ಇಂಥ ಆಹಾರಕ್ಕೆ ತಗಡಿನ ಡಬ್ಬಿಯೇ ಗತಿ. ಡಬ್ಬಿಯದು ಭಾರ, ದಪ್ಪನಾದ್ದರಿಂದ ನಡುವಿನ ಪದಾರ್ಥಕ್ಕೆ ಶಾಖ ತಲುಪುವಷ್ಟರಲ್ಲಿ ಅಂಚಿನದು ಬೆಂದು ಮುದ್ದೆಯಾಗುತ್ತಿತ್ತು. ಅಮೆರಿಕದ ಸೈನ್ಯ ಹಾಗೂ ಉದ್ಯಮಗಳ ಸಂಶೋಧನೆಯಿಂದ ಬಂದ ಮೆತ್ತನೆಯ, ಚಪ್ಪಟೆಯಾದ ರಿಟಾರ್ಟ್ ಪೊಟ್ಟಣ ಈ ತೊಡಕನ್ನು ನೀಗಿಸಿತು. ಮೈಸೂರಿನ ವಿಜ್ಞಾನಿಗಳು ಅದನ್ನು ನಮ್ಮ ಪಲ್ಯ, ಸಾರು, ಭಾತುಗಳಿಗೆ ಒಗ್ಗಿಸಿದರು. ಹೊರಗೆ ಗಟ್ಟಿಯಾದ ಪಾಲಿಯೆಸ್ಟರ್, ನಡುವೆ ಅಲ್ಯೂಮಿನಿಯಂ ಹಾಳೆ, ಒಳಗೆ ಬಿಸಿಯಿಂದ ಬೆಸೆಯಬಹುದಾದ ಪಾಲಿಪ್ರೊಪಿಲೀನ್, ಇವು ಅದರ ಮುಖ್ಯ ಪದರಗಳು. ಆಹಾರ ತುಂಬಿ, ಬಾಯಿ ಬೆಸೆದು, ರಿಟಾರ್ಟ್ ಎಂಬ ದೊಡ್ಡ ಪ್ರೆಷರ್ ಕುಕ್ಕರಿನಂಥ ಯಂತ್ರದಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕಾಯಿಸುತ್ತಾರೆ. ಬರಿಯ ಕುದಿತಕ್ಕೆ ಸಾಯದ, ಮಾರಕ ವಿಷ ಉಂಟುಮಾಡಬಲ್ಲ ಕ್ಲಾಸ್ಟ್ರಿಡಿಯಂ ಬೊಟುಲಿನಂ ಬ್ಯಾಕ್ಟೀರಿಯಾದ ಬೀಜಕಣಗಳೂ ಇದರಿಂದ ನಾಶವಾಗುತ್ತವೆ. ಮುಂದೆ ಗಾಳಿ, ತೇವ, ಬೆಳಕು ಒಳಗೆ ಸುಳಿಯದಂತೆ ತಡೆಯುವುದು ಅಲ್ಯೂಮಿನಿಯಂ ಪದರ. ಪ್ರಯೋಗಾಲಯವು ಈ ತಂತ್ರಜ್ಞಾನವನ್ನು ಉದ್ಯಮಗಳಿಗೂ ನೀಡಿತು. ಬೆಂಗಳೂರಿನ ಎಂ.ಟಿ.ಆರ್. ಸಂಸ್ಥೆಯ ಸಿದ್ಧ ಆಹಾರದ ಪೊಟ್ಟಣಗಳು ಹೀಗೆ ಬಂದವು.

ಎರಡಕ್ಕೂ ಹೊಂದಾಣಿಕೆ

ಈಗ ಮೊದಲಿನ ಪ್ರಶ್ನೆಗೆ ಉತ್ತರ ತಾನಾಗಿ ದೊರೆಯುತ್ತದೆ. ಆಹಾರವನ್ನು ಕಾಪಾಡುವ ಅಲ್ಯೂಮಿನಿಯಂ ಹಾಳೆಯೇ ತರಂಗಗಳನ್ನೂ ತಡೆಯುತ್ತದೆ. ಪೊಟ್ಟಣವನ್ನು ಹಾಗೆಯೇ ಒಲೆಯಲ್ಲಿಟ್ಟರೆ ಒಳಗಿನ ಪದಾರ್ಥ ಬಿಸಿಯಾಗದು. ಹಾಳೆಯ ಅಂಚಿನಲ್ಲಿ ಕಿಡಿ ಹಾರಿ ಬೆಂಕಿ ಹತ್ತಲೂಬಹುದು.

ಈ ವಿರೋಧವನ್ನು ಬಗೆಹರಿಸಲು ಹಲವು ಪ್ರಯತ್ನಗಳು ನಡೆದಿವೆ. ಒಂದು, ಲೋಹದ ಬದಲು ಸಿಲಿಕಾನ್ ಆಕ್ಸೈಡಿನ ತೆಳುಲೇಪ ಕೊಟ್ಟ ಪಾರದರ್ಶಕ ಪ್ಲಾಸ್ಟಿಕ್. ಇದು ಗಾಳಿಯನ್ನು ತಡೆಯುತ್ತದೆ, ತರಂಗಗಳನ್ನು ಬಿಡುತ್ತದೆ. ಎರಡು, ಆವಿಯ ಒತ್ತಡ ಹೆಚ್ಚಿದಾಗ ತಾನೇ ಬಿಚ್ಚಿಕೊಳ್ಳುವ ಕಿಂಡಿಯುಳ್ಳ ಪೊಟ್ಟಣ. ಮೂರನೆಯದು ಸ್ವಾರಸ್ಯಕರ. ಅದೇ ಅಲ್ಯೂಮಿನಿಯಂ ಅನ್ನು ಅತ್ಯಂತ ತೆಳುವಾಗಿ, ಮಿಲಿಮೀಟರಿನ ಲಕ್ಷದ ಒಂದು ಭಾಗದ ಆಸುಪಾಸಿಗೆ ಲೇಪಿಸಿದರೆ ಅದು ತರಂಗಗಳನ್ನು ಹೀರಿ ಸುಮಾರು 200 ಡಿಗ್ರಿಯವರೆಗೆ ಕಾಯುತ್ತದೆ. ಕಾಗದಕ್ಕೆ ಅಂಟಿಸಿದ ಈ ಪದರ ಪುಟ್ಟ ಕಾವಲಿಯಂತೆ ಕೆಲಸ ಮಾಡುತ್ತದೆ. ಒಲೆಯಲ್ಲೇ ಅರಳುವ ಪಾಪ್‌ಕಾರ್ನ್ ಚೀಲದ ಗುಟ್ಟು ಇದೇ.

ಕಾರ್ಖಾನೆಯಲ್ಲೂ ಸೂಕ್ಷ್ಮತರಂಗಗಳಿಂದಲೇ ಆಹಾರವನ್ನು ಕ್ರಿಮಿರಹಿತಗೊಳಿಸುವ ವಿಧಾನ ಬಂದಿದೆ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡ ಇಂಥ ವಿಧಾನಕ್ಕೆ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ 2009ರಲ್ಲಿ ಒಪ್ಪಿಗೆ ನೀಡಿತು.

ಪಾರ್ಸೆಲ್ ತಂದವರಿಗೆ

ಸಿದ್ಧ ಆಹಾರದ ಪೊಟ್ಟಣದ ಮೇಲೆ ಸೂಚನೆಯಾದರೂ ಇರುತ್ತದೆ. ಹೋಟೆಲಿನಿಂದ ತೆಳುವಾದ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಸಿಕೊಂಡು ತರುವ ಸಾಂಬಾರಿಗೆ ಯಾವ ಸೂಚನೆಯೂ ಇರುವುದಿಲ್ಲ. ಅಪಾಯ ಹೆಚ್ಚಿರುವುದು ಅಲ್ಲಿಯೇ. ಎಣ್ಣೆಯ ಅಂಶವಿರುವ ಪದಾರ್ಥ ನೀರಿನ ಕುದಿಬಿಂದುವನ್ನೂ ಮೀರಿ ಕಾಯಬಲ್ಲದು. ಆಗ ಕವರು ಮೆತ್ತಗಾಗಿ, ಅದರಲ್ಲಿನ ರಾಸಾಯನಿಕಗಳು ಊಟಕ್ಕೆ ಸೇರಬಹುದು. ಈ ಕೆಲವು ಸಂಗತಿಗಳು ನೆನಪಿರಲಿ:

ಪಾರ್ಸೆಲ್ ಕವರು, ಥರ್ಮೊಕೋಲ್ ತಟ್ಟೆ, ಬಿರಿಯಾನಿಯ ಅಲ್ಯೂಮಿನಿಯಂ ಡಬ್ಬಿ, ಚಿನ್ನದ ಗೆರೆಯ ಕಪ್ಪು ಇವು ಒಲೆಗೆ ಸಲ್ಲವು. ಗಾಜು ಅಥವಾ ಪಿಂಗಾಣಿಯ ಬಟ್ಟಲೇ ಉತ್ತಮ. ಪ್ಲಾಸ್ಟಿಕ್ ಡಬ್ಬಿಯಾದರೆ ಮೈಕ್ರೋವೇವಿಗೆ ಯೋಗ್ಯವೆಂಬ ಗುರುತು ಇರಬೇಕು.

ಮುಚ್ಚಳವನ್ನು ಬಿಗಿಯಾಗಿ ಹಾಕಬಾರದು. ಚಿಪ್ಪಿರುವ ಮೊಟ್ಟೆಯನ್ನು ಇಡಬಾರದು; ಆವಿಯ ಒತ್ತಡದಿಂದ ಸಿಡಿಯುತ್ತದೆ.

ಮಧ್ಯೆ ಒಮ್ಮೆ ನಿಲ್ಲಿಸಿ ಕಲಕಿ, ಬಿಸಿಯಾದ ಮೇಲೆ ಒಂದು ನಿಮಿಷ ಬಿಡಿ. ಮಗುವಿನ ಹಾಲನ್ನು ಇದರಲ್ಲಿ ಕಾಯಿಸದಿರುವುದೇ ಲೇಸು. ಬಾಟಲಿ ಹೊರಗೆ ಬೆಚ್ಚಗಿದ್ದರೂ ಒಳಗಿನ ಹಾಲು ಬಾಯಿ ಸುಡುವಷ್ಟು ಕಾದಿರಬಹುದು.

ಅನ್ನವನ್ನು ಗಂಟೆಗಟ್ಟಲೆ ಹೊರಗೆ ಬಿಟ್ಟು, ಆಮೇಲೆ ಬಿಸಿ ಮಾಡಿದರೆ ಸಾಕೆಂದು ತಿಳಿಯಬೇಡಿ. ಅದರಲ್ಲಿ ಬೆಳೆಯಬಲ್ಲ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಉಂಟುಮಾಡುವ, ವಾಂತಿ ತರುವ ವಿಷ ಮರುಬಿಸಿಗೆ ನಾಶವಾಗುವುದಿಲ್ಲ. ಉಳಿದ ಅನ್ನವನ್ನು ಬೇಗನೆ ಆರಿಸಿ ಫ್ರಿಜ್ಜಿನಲ್ಲಿಡಬೇಕು.

ಮೈಕ್ರೋವೇವ್ ಒಲೆ ಊಟವನ್ನು ಬಿಸಿ ಮಾಡುತ್ತದೆ. ಕೆಟ್ಟ ಊಟವನ್ನು ಒಳ್ಳೆಯದು ಮಾಡುವುದಿಲ್ಲ. ಕೆಡದಂತೆ ಕಾಯುವುದು ಪೊಟ್ಟಣದ ಕೆಲಸ. ಪೊಟ್ಟಣ ಉಬ್ಬಿದ್ದರೆ, ಬೆಸುಗೆ ಬಿಟ್ಟಿದ್ದರೆ, ಸೋರುತ್ತಿದ್ದರೆ ಬೆಲೆ ಎಷ್ಟೇ ಆಗಿರಲಿ, ರುಚಿ ನೋಡಲೂ ಹೋಗದೆ ಎಸೆದುಬಿಡಿ.