ಮೈಕ್ ಇನ್‌ಪುಟ್‌ಗೆ ಗಿಟಾರ್ ಹಾಕಿದರೆ ಕೀಬೋರ್ಡ್ ಸುಡುತ್ತದೆಯೇ?

ಬೆಳಗಾವಿಯಿಂದ ಚೋರ್ಲಾ ಘಾಟ್ ಕಡೆ ಹೊರಟರೆ ಸಿಗುವ ಕಣಕುಂಬಿ ಮಲಪ್ರಭೆ ಹುಟ್ಟುವ ಊರು. ಗಣೇಶನ ಹಬ್ಬದ ಹೊತ್ತಿಗೂ ಅಲ್ಲಿ ಮಳೆ ನಿಲ್ಲುವ ಭರವಸೆ ಇಲ್ಲ. ಅಂಥ ಕಡೆ ರಸಮಂಜರಿಗೆ ಹೋಗುವ ಸಣ್ಣ ತಂಡ ಗಿಟಾರ್ ಆಂಪ್ ಹೊತ್ತೊಯ್ಯುವುದಕ್ಕಿಂತ, ಅರೇಂಜರ್ ಕೀಬೋರ್ಡಿನ ಮೈಕ್ ಇನ್‌ಪುಟ್‌ಗೇ ಗಿಟಾರಿನ ಪಿನ್ ಚುಚ್ಚಿಬಿಡುವುದು ಸುಲಭ. ಚುಚ್ಚಿದ ಕೂಡಲೇ ಯಾರಾದರೂ ಒಬ್ಬರು ಅಂದೇ ಅನ್ನುತ್ತಾರೆ: "ಅಣ್ಣಾ, ತಗೀರಿ, ಕೀಬೋರ್ಡ್ ಸುಟ್ಟ ಹೋಗತೈತಿ!"

ಸುಡುವುದಿಲ್ಲ. ಸಾಮಾನ್ಯ ಗಿಟಾರಿನ ಪಿಕಪ್ ಎಂದರೆ ಆಯಸ್ಕಾಂತ ಮತ್ತು ಅದರ ಸುತ್ತ ಸುತ್ತಿದ ತಾಮ್ರದ ತಂತಿ, ಅಷ್ಟೇ. ಬ್ಯಾಟರಿ ಕೂಡ ಇಲ್ಲ. ಜೋರಾಗಿ ಬಾರಿಸಿದರೂ ಹೊರಬರುವುದು ಒಂದು ವೋಲ್ಟಿನ ಆಸುಪಾಸು. ಕೀಬೋರ್ಡನ್ನು ನಿಜಕ್ಕೂ ಸುಡಬಲ್ಲದ್ದು ಆಂಪಿನ ಸ್ಪೀಕರ್ ಔಟ್. ಅದಕ್ಕೂ ಇದೇ ಕಾಲಿಂಚಿನ ಪಿನ್ ಕೂರುತ್ತದೆ ಎಂಬುದೇ ಅಪಾಯ.

ಎರಡನೆಯ ಮಾತು: "ಸೌಂಡ್ ಮಂಕಾಗಿದೆ, ಗಿಟಾರೇ ಸರಿ ಇಲ್ಲ." ಇಲ್ಲಿ ಗಿಟಾರಿನ ತಪ್ಪಿಲ್ಲ. ಮೈಕ್ ಇನ್‌ಪುಟ್‌ನ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) ಬಹಳಷ್ಟು ಕಡೆ ಕೆಲವೇ ಸಾವಿರ ಓಮ್. ಗಿಟಾರಿಗೆ ಬೇಕಾದದ್ದು ಹತ್ತು ಲಕ್ಷ ಓಮ್‌ನಷ್ಟು. ಲೆಕ್ಕ ಹಾಕಿ ನೋಡೋಣ. 6 ಸಾವಿರ ಓಮ್, 2.5 ಹೆನ್ರಿಯ ಸಿಂಗಲ್ ಕಾಯಿಲ್ ಪಿಕಪ್ಪನ್ನು 3 ಸಾವಿರ ಓಮ್‌ನ ಇನ್‌ಪುಟ್‌ಗೆ ಸೇರಿಸಿದರೆ, ದಪ್ಪ ತಂತಿಯ 82 ಹರ್ಟ್ಜ್ ಸ್ವರದಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ. 5000 ಹರ್ಟ್ಜ್‌ನಲ್ಲಿ ಸುರುಳಿಯ ತಡೆ ಏರುವುದರಿಂದ ಉಳಿಯುವುದು ಶೇ. 4 ಮಾತ್ರ. ಗಿಟಾರಿನ ಹೊಳಪೆಲ್ಲ ಇರುವುದೇ ಆ ಮೇಲಿನ ಭಾಗದಲ್ಲಿ. ಟ್ರೆಬಲ್ ತಿರುಗಿಸಿದರೆ ಹೊಳಪಿಗಿಂತ ಮೊದಲು 'ಸುಯ್' ಬರುತ್ತದೆ. ಇಷ್ಟು ಸೋರಿದ ಮೇಲೂ ಉಳಿದದ್ದು, ಕೆಲವೇ ಮಿಲಿವೋಲ್ಟ್ ಕೊಡುವ ಡೈನಾಮಿಕ್ ಮೈಕಿಗಿಂತ ಎಷ್ಟೋ ಜೋರು. ಹಾಗಾಗಿ ಮಂಕಾದ ಧ್ವನಿಯೇ ಒಡೆಯಲೂ ಒಡೆಯುತ್ತದೆ.

ಉಪಾಯ ಸರಳ: ಗಿಟಾರಿಗೆ ಬೇಕಾದಷ್ಟು ಇಂಪೀಡೆನ್ಸ್ ಒದಗಿಸುವ ಒಂದು ಬಫರ್ ನಡುವೆ ಇರಲಿ. ಬಾಸ್ ಕಂಪನಿಯ ಸಣ್ಣ ಪೆಡಲ್‌ಗಳಲ್ಲಿ ಬಹುಪಾಲು, ಕಾಲಿನಿಂದ ಆಫ್ ಮಾಡಿದಾಗಲೂ ಬಫರ್ ಆಗಿ ದುಡಿಯುತ್ತವೆ (ಬ್ಯಾಟರಿಯೋ ಅಡಾಪ್ಟರೋ ಇರಬೇಕು). ಅಲ್ಲಿಂದ ಆಕ್ಸ್ ಅಥವಾ ಲೈನ್ ಇನ್‌ಪುಟ್‌ಗೆ ಹೋಗಿ. ಹಾಗೆಂದು ಮೈಕ್ ಜ್ಯಾಕ್ ಎಲ್ಲ ಕಡೆ ನಿಷಿದ್ಧ ಎನ್ನುವುದೂ ತಪ್ಪು. ಯಮಹಾದ ಪಿಎಸ್‌ಆರ್-ಎಸ್970ನಂಥವುಗಳಲ್ಲಿ ಮೈಕ್ ಜೊತೆಗೆ ಗಿಟಾರ್ ಎಂದೂ ಅಚ್ಚಾಗಿದೆ.

ಡಿಸ್ಟಾರ್ಷನ್ ಹಾಕಿದರೆ ನೊಣ ಗುಂಯ್‌ಗುಟ್ಟಿದಂತೆ ಕೇಳಿಸುವುದಕ್ಕೆ ಪೆಡಲ್ಲನ್ನು ಬೈಯುವವರಿದ್ದಾರೆ. ಗಿಟಾರ್ ಆಂಪಿನ ಸ್ಪೀಕರ್ ಸುಮಾರು 5000 ಹರ್ಟ್ಜ್ ದಾಟಿದ್ದನ್ನು ತಾನೇ ನುಂಗುತ್ತದೆ; ಕೀಬೋರ್ಡಿನ ಸ್ಪೀಕರ್ ಎಲ್ಲವನ್ನೂ ಒದರುತ್ತದೆ. ಮಲ್ಟಿ ಎಫೆಕ್ಟ್‌ನಲ್ಲಿ ಕ್ಯಾಬಿನೆಟ್ ಸಿಮ್ಯುಲೇಷನ್ ಆನ್ ಮಾಡಿ. ಸ್ವರದ ಬಾಲ ಕತ್ತರಿಸಿದಂತಾದರೆ, ಕೀಬೋರ್ಡಿನ ಮೈಕ್ ಸೆಟ್ಟಿಂಗ್‌ನಲ್ಲಿ ಹಾಡುಗಾರರಿಗಾಗಿ ಇಟ್ಟ ನಾಯ್ಸ್ ಗೇಟ್ ಆಫ್ ಮಾಡಿ.

ಇನ್ನೊಂದು ಆಸೆಯೂ ಇದೆ: ಗಿಟಾರಿನಲ್ಲಿ ಎ ಮೈನರ್ ಹಿಡಿದರೆ ಕೀಬೋರ್ಡಿನ ಸ್ಟೈಲ್ (ಅದು ತಾನೇ ನುಡಿಸುವ ಹಿಮ್ಮೇಳ) ತಾನಾಗಿ ಎ ಮೈನರ್‌ಗೆ ಬರುತ್ತದೆಂದು. ಬರುವುದಿಲ್ಲ. ಸ್ಟೈಲ್ ನೋಡುವುದು ಎಡಗೈ ಒತ್ತಿದ ಕೀಗಳನ್ನು ಇಲ್ಲವೇ ಮಿಡಿ ಸಂದೇಶವನ್ನು. ಅದಕ್ಕೆ ಮಿಡಿ ಪಿಕಪ್ಪೇ ಬೇಕು.

ಗುಂಯ್ ಎನ್ನುವ ಹಮ್ ಮಾತ್ರ ಕೆಲವೊಮ್ಮೆ ಗಂಭೀರ ವಿಷಯ. ಗಿಟಾರ್ ಹಿಡಿದು ನಿಂತಲ್ಲೇ ತಿರುಗಿದಾಗ ಅದು ಹೆಚ್ಚು ಕಡಿಮೆಯಾದರೆ ಪಿಕಪ್ ಹತ್ತಿರದ 50 ಹರ್ಟ್ಜ್ ವಿದ್ಯುತ್ತನ್ನು ಹಿಡಿಯುತ್ತಿದೆ, ಜಾಗ ಬದಲಿಸಿದರೆ ಸಾಕು. ಆದರೆ ಗಿಟಾರಿನ ತಂತಿ ಮುಟ್ಟಿಕೊಂಡೇ ಮೈಕಿಗೆ ತುಟಿ ತಾಗಿಸಿದಾಗ ಚುರ್ ಎಂದರೆ ಅರ್ಥಿಂಗ್ ಸರಿ ಇಲ್ಲ. ಹಸಿ ಪೆಂಡಾಲಿನಲ್ಲಿ ಅದು ಜೀವಕ್ಕೇ ಕುತ್ತು. ಮೇನ್ ಆಫ್ ಮಾಡಿಸಿ, ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಗಿಟಾರ್ ಕೆಳಗಿಡಿ.