ಮನೆಯ ನಾಯಿಮರಿಯ ಹಲ್ಲು ತಾಗಿದರೂ ಇಂಜೆಕ್ಷನ್ ಬೇಕೆ?

ಇಬ್ಬರೇ ಇರುವ ಒಂದು ಮನೆಯನ್ನು ಊಹಿಸಿಕೊಳ್ಳಿ. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ರಸ್ತೆ ಬದಿಯಲ್ಲಿ ಕುಂಯ್‌ಗುಡುತ್ತಿದ್ದ ಎರಡು ತಿಂಗಳ ನಾಯಿಮರಿಯೊಂದನ್ನು ಕಳೆದ ವಾರ ಎತ್ತಿಕೊಂಡು ಬಂದಿದ್ದಾರೆ. ಅಂದಿನಿಂದ ಮನೆಯ ದಿನಚರಿಯೇ ಬದಲಾಗಿದೆ. ರಾತ್ರಿ ಎರಡು ಗಂಟೆಗೆ ಮರಿಯ ಅಳು, ಬೆಳಗ್ಗೆ ಎದ್ದರೆ ಹಾಲ್‌ನಲ್ಲೆಲ್ಲ ಉಚ್ಚೆ, ಬಾಗಿಲಲ್ಲಿ ಬಿಟ್ಟ ಚಪ್ಪಲಿಗೆ ಉಳಿಗಾಲವಿಲ್ಲ. ಒಂದು ಸಂಜೆ ಆಟವಾಡುವಾಗ ಮರಿಯ ಹಲ್ಲು ಹೆಂಡತಿಯ ಅಂಗೈಗೆ ತಾಗಿ ಸಾಸಿವೆ ಕಾಳಿನಷ್ಟು ರಕ್ತ ಬರುತ್ತದೆ.

"ರೀ, ಇಂಜೆಕ್ಷನ್ ತಗೋಬೇಕಾ?"

"ನಮ್ಮ ಮನೆ ಮರೀನೇ ಅಲ್ವಾ, ಏನೂ ಆಗಲ್ಲ ಬಿಡು."

ಅಷ್ಟರಲ್ಲಿ ಫೋನಿನಲ್ಲಿ ಅಮ್ಮ: "ಅರಿಶಿನ ಒತ್ತಿ ಬಟ್ಟೆ ಕಟ್ಟಮ್ಮ. ಬದನೆಕಾಯಿ ಮಾತ್ರ ತಿನ್ನಬೇಡ, ನಂಜಾಗುತ್ತೆ."

ಮೂವರ ಮಾತಿನಲ್ಲೂ ಪ್ರೀತಿಯಿದೆ. ಆದರೆ ಸರಿಯಾದ ಪ್ರಶ್ನೆ ಕೇಳಿದ್ದು ಹೆಂಡತಿ ಮಾತ್ರ. ಅದಕ್ಕೆ ಉತ್ತರ: ಹೌದು, ರಕ್ತ ಬಂದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಏಕೆ ಎಂಬುದನ್ನು ನೋಡೋಣ.

ಮರಿಗಳು ಇಷ್ಟೊಂದು ಕಚ್ಚುವುದೇಕೆ?

ಮರಿಗೆ ಮೂರು ವಾರ ತುಂಬುತ್ತಿದ್ದಂತೆ ಹಾಲುಹಲ್ಲುಗಳು ಮೂಡಲು ಶುರುವಾಗುತ್ತವೆ. ಒಟ್ಟು 28 ಹಲ್ಲು, ಒಂದೊಂದೂ ಸೂಜಿಯಷ್ಟು ಚೂಪು. ಸುಮಾರು ನಾಲ್ಕು ತಿಂಗಳಿನಿಂದ ಅವು ಉದುರಿ 42 ಶಾಶ್ವತ ಹಲ್ಲುಗಳು ಬರುತ್ತವೆ. ಈ ಅವಧಿಯಲ್ಲಿ ವಸಡು ನೋಯುತ್ತದೆ, ಏನಾದರೂ ಅಗಿಯಬೇಕು ಅನಿಸುತ್ತದೆ. ಜೊತೆಗೆ ಮರಿಗಳು ಲೋಕವನ್ನು ತಿಳಿದುಕೊಳ್ಳುವುದೇ ಬಾಯಿಯಿಂದ. ಒಡಹುಟ್ಟಿದ ಮರಿಗಳ ಜೊತೆ ಕಚ್ಚಾಡುತ್ತಲೇ ಅವು ಎಷ್ಟು ಜೋರಾಗಿ ಕಚ್ಚಬಾರದು ಎಂಬುದನ್ನೂ ಕಲಿಯುತ್ತವೆ. ಬೇಗ ಬೇರೆಯಾದ ಮರಿಗೆ ಆ ಪಾಠ ಅರ್ಧಕ್ಕೇ ನಿಂತಿರುತ್ತದೆ.

ಇಲ್ಲೇ ಒಂದು ತೊಡಕಿದೆ. ನಮ್ಮಲ್ಲಿ ಮರಿಗಳಿಗೆ ರೇಬೀಸ್ ಲಸಿಕೆ ಹಾಕಿಸುವುದು ಸಾಮಾನ್ಯವಾಗಿ ಮೂರು ತಿಂಗಳ ವಯಸ್ಸಿನಲ್ಲಿ. ಹಾಕಿಸಿದ ದಿನವೇ ರಕ್ಷಣೆ ಬರುವುದಿಲ್ಲ, ಅದಕ್ಕೆ ಕೆಲವು ವಾರ ಬೇಕು. ಅಂದರೆ ಮರಿ ಅತಿ ಹೆಚ್ಚು ಕಚ್ಚುವ ದಿನಗಳೂ, ಅದಕ್ಕೆ ಲಸಿಕೆಯ ರಕ್ಷಣೆ ಇಲ್ಲದ ದಿನಗಳೂ ಒಂದೇ.

ಇಷ್ಟು ಪುಟ್ಟ ಮರಿಗೆ ಹುಚ್ಚು ಹಿಡಿಯುತ್ತದೆಯೇ?

ಹಿಡಿಯಬಹುದು. ರೇಬೀಸ್ ವೈರಸ್ ಯಾವುದೇ ಸಸ್ತನಿಗೆ ತಗುಲಬಲ್ಲದು, ಅದಕ್ಕೆ ವಯಸ್ಸಿನ ಹಂಗಿಲ್ಲ. ನೀವು ಎತ್ತಿಕೊಳ್ಳುವ ಮೊದಲೇ ಇನ್ನೊಂದು ನಾಯಿ ಆ ಮರಿಯನ್ನು ಕಚ್ಚಿದ್ದರೆ ಅದು ನಿಮಗೆ ಗೊತ್ತಾಗುವುದು ಹೇಗೆ? ವೈರಸ್ ಒಳಹೊಕ್ಕ ಮೇಲೆ ವಾರಗಟ್ಟಲೆ, ತಿಂಗಳುಗಟ್ಟಲೆ ಮರಿ ಎಲ್ಲ ಮರಿಗಳಂತೆ ಆಡಿಕೊಂಡೇ ಇರುತ್ತದೆ. ಮನೆಗೆ ಬಂದು ಒಂದು ವಾರವಾದ ಮಾತ್ರಕ್ಕೆ ಅದರ ಹಿಂದಿನ ಎರಡು ತಿಂಗಳು ಅಳಿಸಿಹೋಗುವುದಿಲ್ಲ.

"ನೀರು ಕುಡಿಯುತ್ತಿದೆಯಲ್ಲ, ಹುಚ್ಚಿಲ್ಲ" ಎನ್ನುವ ಮಾತೂ ಇದೆ. ನೀರು ಕಂಡರೆ ಹೆದರುವುದು ರೇಬೀಸ್ ತಗುಲಿದ ಮನುಷ್ಯರಲ್ಲಿ ಕಾಣುವ ಲಕ್ಷಣ. ನುಂಗಲು ಹೋದಾಗ ಗಂಟಲಿನ ಸ್ನಾಯುಗಳು ಹಿಡಿದುಕೊಳ್ಳುವುದೇ ಆ ಹೆದರಿಕೆಗೆ ಕಾರಣ. ರೋಗ ಬಂದ ನಾಯಿ ನೀರಿನ ಬಟ್ಟಲಿಗೆ ಬಾಯಿ ಹಾಕಬಹುದು. ಎಲ್ಲ ನಾಯಿಗಳೂ ಬೊಗಳುತ್ತ ಮೈಮೇಲೆ ಬೀಳುವುದೂ ಇಲ್ಲ. ಕೆಲವು ಮಂಕಾಗಿ ಮೂಲೆ ಸೇರುತ್ತವೆ, ದವಡೆ ಜೋತು ಬೀಳುತ್ತದೆ, ಜೊಲ್ಲು ಸುರಿಯುತ್ತದೆ. "ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ" ಎಂದು ಬಾಯೊಳಗೆ ಕೈ ಹಾಕಿ ನೋಡುವವರು ಅಪಾಯಕ್ಕೆ ಸಿಲುಕುವುದು ಇಂಥ ನಾಯಿಗಳಿಂದಲೇ.

ವೈರಸ್ ಏನು ಮಾಡುತ್ತದೆ?

ರೇಬೀಸ್ ವೈರಸ್ ಇರುವುದು ರೋಗಪೀಡಿತ ಪ್ರಾಣಿಯ ಜೊಲ್ಲಿನಲ್ಲಿ. ಗಾಯದ ಮೂಲಕ ಒಳಹೊಕ್ಕ ಅದು ನರಗಳನ್ನು ಹಿಡಿದು ನಿಧಾನವಾಗಿ ಮೆದುಳಿನತ್ತ ಸಾಗುತ್ತದೆ. ಈ ಪ್ರಯಾಣಕ್ಕೆ ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು, ಕೆಲವೊಮ್ಮೆ ಒಂದೇ ವಾರ, ಕೆಲವೊಮ್ಮೆ ಒಂದು ವರ್ಷ. ಕಚ್ಚಿದ ಜಾಗ ತಲೆಗೆ ಹತ್ತಿರವಿದ್ದಷ್ಟೂ, ನರಗಳು ಹೆಚ್ಚಿದ್ದಷ್ಟೂ ಅಪಾಯ ಹೆಚ್ಚು. ಬೆರಳು, ಅಂಗೈ, ಮುಖ, ಕುತ್ತಿಗೆ ಇಂಥ ಜಾಗಗಳು. ಮರಿಯ ಹಲ್ಲು ಹೆಚ್ಚಾಗಿ ತಾಗುವುದೂ ಕೈಬೆರಳುಗಳಿಗೇ.

ವೈರಸ್ ಮೆದುಳು ಮುಟ್ಟಿ ಲಕ್ಷಣಗಳು ಶುರುವಾದ ಮೇಲೆ ಬದುಕಿ ಉಳಿದವರು ಬೆರಳೆಣಿಕೆಯಷ್ಟು ಜನ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಈ ರೋಗದಿಂದ ಸಾಯುತ್ತಾರೆ. ಆದರೆ ಇದೇ ರೋಗವನ್ನು ಕಚ್ಚಿದ ತಕ್ಷಣ ಸರಿಯಾದ ಚಿಕಿತ್ಸೆ ಪಡೆದರೆ ಬಹುತೇಕ ಸಂಪೂರ್ಣವಾಗಿ ತಡೆಯಬಹುದು. ವೈರಸ್ ನಿಧಾನವಾಗಿ ಸಾಗುವುದೇ ನಮಗೆ ಸಿಗುವ ಅವಕಾಶ. ಅದು ಮೆದುಳು ತಲುಪುವ ಮೊದಲು ದೇಹದಲ್ಲಿ ಪ್ರತಿಕಾಯಗಳು ತಯಾರಾಗಿರಬೇಕು, ಅಷ್ಟೇ.

ಮೊದಲ ಹದಿನೈದು ನಿಮಿಷ

ಮೊದಲ ಚಿಕಿತ್ಸೆ ಬಚ್ಚಲುಮನೆಯಲ್ಲೇ ಇದೆ. ನಲ್ಲಿ ಬಿಟ್ಟು, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಗಾಯವನ್ನು 15 ನಿಮಿಷ ತೊಳೆಯಿರಿ. ರೇಬೀಸ್ ವೈರಸ್ಸಿನ ಹೊರ ಕವಚದಲ್ಲಿ ಕೊಬ್ಬಿನಂಶವಿದೆ. ಎಣ್ಣೆಪಾತ್ರೆಯ ಜಿಡ್ಡನ್ನು ಸೋಪು ಬಿಡಿಸುವಂತೆ ಈ ಕವಚವನ್ನೂ ಒಡೆಯುತ್ತದೆ, ವೈರಸ್ ನಿಷ್ಕ್ರಿಯವಾಗುತ್ತದೆ. ಒಮ್ಮೆ ತೊಳೆದು ಒರೆಸಿಕೊಂಡರೆ ಸಾಲದು, ಗಡಿಯಾರ ನೋಡಿಕೊಂಡೇ ತೊಳೆಯಬೇಕು. ನಂತರ ಪೊವಿಡೋನ್ ಅಯೋಡಿನ್ ಹಚ್ಚಬಹುದು.

ಅರಿಶಿನ, ಮೆಣಸಿನಪುಡಿ, ಸುಣ್ಣ, ಕಾಫಿಪುಡಿ ಯಾವುದೂ ಬೇಡ. ಇವು ವೈರಸ್ಸನ್ನು ಕೊಲ್ಲುವುದಿಲ್ಲ. ಉರಿ ಹುಟ್ಟಿಸಿ ಗಾಯವನ್ನು ಇನ್ನಷ್ಟು ಕೆಡಿಸುತ್ತವೆ. ಗಾಯವನ್ನು ಬಿಗಿಯಾಗಿ ಕಟ್ಟುವುದೂ ಬೇಡ.

ಯಾವ ಗಾಯಕ್ಕೆ ಏನು?

ವೈದ್ಯರು ಇದನ್ನು ಮೂರು ದರ್ಜೆಗಳಾಗಿ ನೋಡುತ್ತಾರೆ.

ಒಂದನೆಯದು: ಮರಿಯನ್ನು ಮುಟ್ಟಿದ್ದು, ಊಟ ಹಾಕಿದ್ದು, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕಿದ್ದು. ಇದಕ್ಕೆ ಲಸಿಕೆ ಬೇಡ, ಕೈ ತೊಳೆದರೆ ಸಾಕು.

ಎರಡನೆಯದು: ಚರ್ಮವನ್ನು ಹಲ್ಲಿನಿಂದ ಕಚ್ಚಿ ಎಳೆದಿದೆ ಅಥವಾ ಪರಚಿದೆ, ಆದರೆ ರಕ್ತ ಬಂದಿಲ್ಲ. ಇದಕ್ಕೆ ಲಸಿಕೆ ಬೇಕು.

ಮೂರನೆಯದು: ರಕ್ತ ಬಂದ ಕಡಿತ ಅಥವಾ ಪರಚುಗಾಯ, ಮೊದಲೇ ಇದ್ದ ಗಾಯವನ್ನು ನೆಕ್ಕಿದ್ದು, ಕಣ್ಣು ಬಾಯಿಗೆ ಜೊಲ್ಲು ತಾಗಿದ್ದು. ಇದಕ್ಕೆ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್ ಚುಚ್ಚುಮದ್ದೂ ಬೇಕು. ಲಸಿಕೆಯಿಂದ ನಮ್ಮ ದೇಹ ಪ್ರತಿಕಾಯ ತಯಾರಿಸಲು ಒಂದೆರಡು ವಾರ ಬೇಕಾಗುತ್ತದೆ. ಅಲ್ಲಿಯವರೆಗೆ ಗಾಯದ ಬಳಿಯೇ ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯಗಳು ಇದರಲ್ಲಿರುತ್ತವೆ.

ನಮ್ಮ ಕಥೆಯ ಸಾಸಿವೆ ಕಾಳಿನಷ್ಟು ರಕ್ತ ಸೇರುವುದು ಈ ಮೂರನೆಯ ದರ್ಜೆಗೇ.

ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್?

ಆಸ್ಪತ್ರೆ ಎಂದರೆ ಹಿಂಜರಿಯಲು ಈ ಹಳೆಯ ನೆನಪೂ ಒಂದು ಕಾರಣ. ಅದು ಸುಳ್ಳಲ್ಲ, ಆದರೆ ಈಗಿನದ್ದಲ್ಲ. ಡೇವಿಡ್ ಸೆಂಪಲ್ ಎಂಬ ಬ್ರಿಟಿಷ್ ವೈದ್ಯ ಹಿಮಾಚಲದ ಕಸೌಲಿಯಲ್ಲಿ ರೂಪಿಸಿದ್ದ, ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಲಸಿಕೆಯನ್ನು ನಮ್ಮ ದೇಶದಲ್ಲಿ ದಶಕಗಳ ಕಾಲ ಹೊಟ್ಟೆಗೆ ಚುಚ್ಚುತ್ತಿದ್ದರು. ಅದರ ಬಳಕೆ 2005ರ ಹೊತ್ತಿಗೆ ನಿಂತಿತು. ಈಗಿನದು ಜೀವಕೋಶಗಳಲ್ಲಿ ಬೆಳೆಸಿದ ವೈರಸ್ಸಿನಿಂದ ಮಾಡಿದ ಸುರಕ್ಷಿತ ಲಸಿಕೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದನ್ನು ಸಾಮಾನ್ಯವಾಗಿ ತೋಳಿನ ಚರ್ಮದ ಪದರಕ್ಕೆ 0, 3, 7 ಮತ್ತು 28ನೇ ದಿನ ಕೊಡುತ್ತಾರೆ. ಸ್ನಾಯುವಿಗೆ ಕೊಡುವುದಾದರೆ 14ನೇ ದಿನವೂ ಸೇರಿ ಐದು ಬಾರಿ. ಗರ್ಭಿಣಿಯರೂ ಪಡೆಯಬಹುದು. ಪಥ್ಯವೇನೂ ಇಲ್ಲ: ಬದನೆಕಾಯಿ, ಕೋಳಿ, ಮೊಟ್ಟೆ ತಿಂದರೆ ಲಸಿಕೆ ಕೆಲಸ ಮಾಡುವುದಿಲ್ಲ ಎನ್ನುವುದು ತಪ್ಪು.

ಹತ್ತು ದಿನ ಕಾದು ನೋಡಬಹುದಲ್ಲ?

ಇದು ಅರ್ಧ ಸತ್ಯ. ನಾಯಿಯ ಜೊಲ್ಲಿನಲ್ಲಿ ವೈರಸ್ ಬರುವುದು ಲಕ್ಷಣ ಕಾಣುವ ಕೆಲವೇ ದಿನ ಮೊದಲು. ಲಕ್ಷಣ ಕಂಡ ಮೇಲೆ ಅದು ಹೆಚ್ಚು ದಿನ ಬದುಕುವುದಿಲ್ಲ. ಹಾಗಾಗಿ ಕಚ್ಚಿದ ಹತ್ತು ದಿನಗಳ ನಂತರವೂ ಮರಿ ಆರೋಗ್ಯವಾಗಿದ್ದರೆ ಕಚ್ಚಿದಾಗ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಎಂದರ್ಥ. ಆದರೆ ಮರಿಯನ್ನು ಗಮನಿಸುವುದೂ ಲಸಿಕೆ ಶುರು ಮಾಡುವುದೂ ಒಟ್ಟಿಗೇ ನಡೆಯಬೇಕು. ಮರಿ ಚೆನ್ನಾಗಿದ್ದರೆ ಉಳಿದ ಡೋಸ್‌ಗಳ ಬಗ್ಗೆ ವೈದ್ಯರು ತೀರ್ಮಾನಿಸುತ್ತಾರೆ. ಕಾದು ಕುಳಿತು, ಹತ್ತನೇ ದಿನದೊಳಗೆ ಮರಿ ಸತ್ತರೆ ಅಷ್ಟು ದಿನಗಳು ಕೈತಪ್ಪಿರುತ್ತವೆ.

ಮರಿ ಮನೆಗೆ ಬರುವ ದಿನವೇ

ಮರಿಯನ್ನು ಮೊದಲು ಪಶುವೈದ್ಯರಿಗೆ ತೋರಿಸಿ, ಲಸಿಕೆಯ ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆಟಕ್ಕೆ ಕೈಬೆರಳಿನ ಬದಲು ಅಗಿಯುವ ಆಟಿಕೆ ಕೊಡಿ. ಕಚ್ಚಿದರೆ ಹೊಡೆಯಬೇಡಿ, ಆಟ ನಿಲ್ಲಿಸಿ ಎದ್ದು ಹೋಗಿ. ಹಲ್ಲು ತಾಗಿಸಿದರೆ ಆಟ ಮುಗಿಯುತ್ತದೆ ಎಂಬುದನ್ನು ಮರಿ ಕೆಲವೇ ವಾರಗಳಲ್ಲಿ ಕಲಿಯುತ್ತದೆ. ಮನೆಯವರು ಮುಂಚಿತವಾಗಿಯೇ ರೇಬೀಸ್ ಲಸಿಕೆ ಪಡೆಯುವ ಬಗ್ಗೆಯೂ ವೈದ್ಯರನ್ನು ಕೇಳಬಹುದು. ಹಾಗೆ ಪಡೆದವರಿಗೆ ಮುಂದೆ ನಾಯಿ ಕಚ್ಚಿದರೂ 0 ಮತ್ತು 3ನೇ ದಿನ ಎರಡು ಡೋಸ್ ಸಾಕು, ಇಮ್ಯುನೋಗ್ಲೋಬ್ಯುಲಿನ್ ಬೇಕಾಗುವುದಿಲ್ಲ.

ಇಂಜೆಕ್ಷನ್ ತೆಗೆದುಕೊಂಡರೆ ಮರಿಯನ್ನು ಅನುಮಾನಿಸಿದಂತೆ ಎಂದು ಕೆಲವರಿಗೆ ಅನಿಸುತ್ತದೆ. ಹಾಗೇನಿಲ್ಲ. ಬಹುಪಾಲು ಮರಿಗಳು ಆರೋಗ್ಯವಾಗಿಯೇ ಇರುತ್ತವೆ, ನಿಮ್ಮ ಮರಿಯೂ ಹಾಗೇ ಇರಬಹುದು. ಆದರೆ ಅದರ ಮುಖ ನೋಡಿ ಹೇಳಲಾಗದು, ತಪ್ಪಿದರೆ ತಿದ್ದಿಕೊಳ್ಳಲೂ ಆಗದು. ಗಾಯ ತೊಳೆದು, ಆಸ್ಪತ್ರೆಗೆ ಹೋಗಿ ಬಂದು, ಅದೇ ಸಂಜೆ ಮರಿಗೆ ಊಟ ಹಾಕಿ.